ಸಂತ ಮಾರ್ತೀನನ ಬೀಗದಕೈ

ಈ ಸಭೆಯ ಅಧ್ಯಕ್ಷರೂ, ಬಿಲ್ಬಾವೊ ನಗರದಲ್ಲಿರುವ ನಮ್ಮೂರಿನವರ ಸಂಘದ ಮುಖ್ಯಸ್ಥರೂ ಆದ ಮಾನ್ಯ ಎಲಾದಿಯೊ ಅವರೇ, ಹನ್ನೊಂದು ಊರುಗಳ ಪೂಜೆಯನ್ನು ಒಬ್ಬರೇ ಹೊತ್ತು, ಇವತ್ತು ಹೇಗೋ ನಮ್ಮ ಪಾಲಿಗೆ ಸಿಕ್ಕಿರುವ ಪಾದ್ರಿಗಳಾದ ಸತೂರಿಯೊ ಅವರೇ, ಬೀಳುತ್ತಿದ್ದ ಈ ಇಗರ್ಜಿಯನ್ನು ಹಿಡಿದು ನಿಲ್ಲಿಸಿದ ವಾಸ್ತುಶಿಲ್ಪಿ ಲೆಯ್ರೆ ಅವರೇ, ಬೆಳಿಗ್ಗೆ ಬಸ್ಸಿನಲ್ಲಿ ಬಂದು ಸಂಜೆ ಅದೇ ಬಸ್ಸಿನಲ್ಲಿ ಹೋಗಲಿರುವ ನನ್ನೂರಿನ ಮಕ್ಕಳೇ, ಮೊಮ್ಮಕ್ಕಳೇ, ಸಭಿಕರೇ.

ಮೊದಲಿಗೆ ಒಂದು ಕ್ಷಮೆ. ಅಧ್ಯಕ್ಷರು ಫಲಕ ಕೊಟ್ಟು ಕೈ ಕುಲುಕಿದಾಗ ನನ್ನ ಕೈಯ ಮಸಿ ಅವರ ಕೈಗೆ ಹತ್ತಿತು. ಪಾಪ, ಕರವಸ್ತ್ರ ತೆಗೆದು ಒರೆಸಿಕೊಂಡರು. ಬೆಳಿಗ್ಗೆಯಿಂದ ಒಲೆ ಹಚ್ಚುತ್ತಿದ್ದೆ. ನವೆಂಬರ್ ಚಳಿ, ಓಕ್ ಕಟ್ಟಿಗೆ ಒದ್ದೆ, ಹೊಗೆಯೆಲ್ಲ ಒಳಕ್ಕೇ ತಿರುಗಿತು. ಸೋಪು ಹಾಕಿ ತಿಕ್ಕಿದರೂ ಕೈ ಬೆಳ್ಳಗಾಗಲಿಲ್ಲ. ಕಣ್ಣು ಕೆಂಪಾಗಿರುವುದೂ ಅದಕ್ಕೇ. ಸನ್ಮಾನದ ಸಂತೋಷಕ್ಕೆ ಅಳುತ್ತಿದ್ದಾಳೆ ಮುದುಕಿ ಎಂದು ಯಾರೂ ತಿಳಿಯಬೇಡಿ.

ನನಗೆ ಕೊಟ್ಟಿರುವ ವಿಷಯ 'ನಮ್ಮ ಇಗರ್ಜಿಯ ಇತಿಹಾಸ ಮತ್ತು ವಾಸ್ತುಶಿಲ್ಪ'. ಹತ್ತು ನಿಮಿಷ ಎಂದಿದ್ದಾರೆ. ಏನು ಹೇಳಬೇಕೆಂದು ಲೆಯ್ರೆ ಅವರು ಚೆಂದವಾಗಿ ಟೈಪು ಮಾಡಿಯೂ ಕೊಟ್ಟಿದ್ದಾರೆ. ಅದರಲ್ಲಿರುವುದೆಲ್ಲ ಸರಿಯಾಗಿಯೇ ಇರುತ್ತದೆ, ಆ ಹುಡುಗಿ ಓದಿದವಳು. ಆದರೆ ನನ್ನ ಕನ್ನಡಕವನ್ನು ಒಲೆಯ ಮೇಲಿನ ಹಲಗೆಯಲ್ಲಿ ಮರೆತು ಬಂದಿದ್ದೇನೆ. ಆದ್ದರಿಂದ ನನಗೆ ತೋಚಿದ್ದನ್ನು ಹೇಳುತ್ತೇನೆ. ಹೆಚ್ಚುಕಡಿಮೆಯಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ಈಗಷ್ಟೇ ಅಧ್ಯಕ್ಷರು ಘೋಷಿಸಿದರು, ನೀವೆಲ್ಲ ಕೇಳಿದಿರಿ. ಎಮೆತೇರಿಯಾ ಅವರು ಇನ್ನು ಮುಂದೆ ಈ ಇಗರ್ಜಿಯ ಆಜೀವ ಬೀಗದಕೈ ಪಾಲಕಿ. ಫಲಕದ ಮೇಲೂ ಅದನ್ನೇ ಕೆತ್ತಿಸಿದ್ದಾರಂತೆ. ನೀವು ಎದ್ದು ನಿಂತು ಚಪ್ಪಾಳೆ ತಟ್ಟಿದಿರಿ. ಆಜೀವ! ಆ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನ ಎರಡೂ ಮಂಡಿಗಳು ಒಟ್ಟಿಗೇ ನೋಯತೊಡಗಿದವು. ನನಗೆ ಎಪ್ಪತ್ತೊಂಬತ್ತು. ಕೊಡುವ ಮೊದಲು ಯಾರಾದರೂ ನನ್ನನ್ನು ಕೇಳಿದಿರಾ? ಬೇಕೇನೇ ಮುದುಕಿ ಎಂದು ಒಬ್ಬರಾದರೂ ಕೇಳಿದಿರಾ?

ಸುತ್ತಿ ಬಳಸಿ ಹೇಳುವ ಶಕ್ತಿ ನನಗಿಲ್ಲ. ನನಗೆ ಸಾಕಾಗಿದೆ. ಈ ಬೀಗದಕೈಯನ್ನು ಕೆಳಗಿಡಬೇಕು. ಕೊಡುವುದಕ್ಕೆ ಒಂದು ಕೈ ಬೇಕು, ಅದನ್ನು ಹುಡುಕುತ್ತ ಇಲ್ಲಿಗೆ ಬಂದಿದ್ದೇನೆ. ಇರಲಿ, ಮೊದಲು ವಿಷಯಕ್ಕೆ ಬರುತ್ತೇನೆ, ಇಲ್ಲದಿದ್ದರೆ ಲೆಯ್ರೆ ಬೇಸರ ಮಾಡಿಕೊಳ್ಳುತ್ತಾಳೆ.

ಈ ಇಗರ್ಜಿ ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಕಟ್ಟಿದ್ದು. ಶೈಲಿಯ ಹೆಸರು ರೋಮನೆಸ್ಕ್. ಇದು ಲೆಯ್ರೆ ಹೇಳಿದ್ದು. ನನ್ನ ಅಜ್ಜಿಯನ್ನು ಕೇಳಿದ್ದರೆ, ಒಂದು ಕಾಲಕ್ಕೆ ಈ ನಾಡನ್ನು ಆಳಿದ ಅರಬರು ಕಟ್ಟಿದ್ದು ಎನ್ನುತ್ತಿದ್ದಳು. ನಮ್ಮ ಕಡೆ ಹಳೆಯದು ಏನೇ ಇರಲಿ, ಸೇತುವೆ, ಬಾವಿ, ಬಂಡೆಯಲ್ಲಿನ ತೂತು, ಎಲ್ಲವೂ ಅರಬರದ್ದೇ. ಚಿಕ್ಕವಳಿದ್ದಾಗ ನಾನು ಒಮ್ಮೆ ಬಾಯಿ ಹಾಕಿದ್ದೆ. "ಅಜ್ಜೀ, ಅವರು ನಮ್ಮ ಮತದವರೇ ಅಲ್ವಲ್ಲ, ಇಗರ್ಜಿ ಯಾಕೆ ಕಟ್ತಾರೆ?" ಅಜ್ಜಿ ತಲೆ ಎತ್ತಲಿಲ್ಲ. "ಕೂಲಿ ಕೊಟ್ಟಿರ್ತಾರೆ, ಕಟ್ಟಿರ್ತಾರೆ. ನಿನಗ್ಯಾಕೆ ಅಧಿಕಪ್ರಸಂಗ? ಬಟಾಣಿ ಸುಲಿ" ಎಂದಳು. ನಮ್ಮ ಮನೆಯಲ್ಲಿ ಇತಿಹಾಸದ ಪಾಠ ಅಲ್ಲಿಗೆ ಮುಗಿಯಿತು.

ನೀವೀಗ ಕುಳಿತಿರುವ ಈ ಮೊಗಸಾಲೆಗೆ ಏಳು ಕಮಾನು. ಊರಿನ ಪಂಚಾಯ್ತಿ ನಡೆಯುತ್ತಿದ್ದುದು ಇಲ್ಲೇ. ನಿಮ್ಮ ಅಜ್ಜಂದಿರು ಹುಲ್ಲುಗಾವಲಿನ ಸರದಿಗೆ, ನೀರಿನ ಸರದಿಗೆ ಕಿತ್ತಾಡಿ ಟೋಪಿ ನೆಲಕ್ಕೆ ಬಡಿದದ್ದೂ ಇಲ್ಲೇ. ಈ ಕಂಬಗಳ ತಲೆಯ ಮೇಲೆ ಕೆತ್ತನೆಯ ಬೋದಿಗೆಗಳಿವೆ, ನೋಡಿ. ಎಡದಿಂದ ಎರಡನೆಯದು ಬೈಬಲಿನ ಬಲಶಾಲಿ ಸಂಸೋನ ಸಿಂಹದ ಬಾಯಿ ಸೀಳುತ್ತಿರುವುದಂತೆ. ನಮಗೆಲ್ಲ ಅದು ಹಲ್ಲು ಕೀಳುವ ಕ್ಷೌರಿಕ. ಹಲ್ಲು ನೋವು ಬಂದರೆ ಅಮ್ಮ ನಮ್ಮನ್ನು ಎತ್ತಿ ಹಿಡಿದು ಆ ಸಿಂಹದ ದವಡೆ ಮುಟ್ಟಿಸುತ್ತಿದ್ದಳು. ಆ ದವಡೆ ಅಷ್ಟು ನುಣುಪಾಗಿರುವುದು ಕಲ್ಲುಕುಟಿಗನ ಕೈಚಳಕದಿಂದಲ್ಲ. ಹೊರಗೆ ಸೂರಿನ ಕೆಳಗೆ ಚಾಚಿಕೊಂಡಿರುವ ಪುಟ್ಟ ಕಲ್ಲುಗಳಲ್ಲಿ ಹಂದಿ ಇದೆ, ಮೊಲ ಇದೆ, ಪೀಪಾಯಿ ಹೊತ್ತ ಕುಡುಕ ಇದ್ದಾನೆ. ಮೂಲೆಯ ಕಲ್ಲಿನಲ್ಲಿ ಏನಿದೆ ಎಂದು ಪಾದ್ರಿಗಳ ಎದುರು ಹೇಳಲಾರೆ. ಸನ್ಯಾಸಿನಿಯರು ಬಂದಾಗ ನಾನು ಆ ಮೂಲೆಗೆ ಕರೆದೊಯ್ಯುವುದೇ ಇಲ್ಲ. ಅವರಾಗಿಯೇ ಹುಡುಕಿಕೊಂಡು ಹೋಗುತ್ತಾರೆ.

ನನಗೆ ಇಷ್ಟವಾದದ್ದು ಬಾಗಿಲ ಪಕ್ಕದ ಬೋದಿಗೆ. ಯೇಸುವಿನ ಸಮಾಧಿಗೆ ಕಾವಲು ನಿಂತ ಸೈನಿಕರು. ನಿಂತವರು ಎಂದೆನೇ? ಮೂವರೂ ಒಬ್ಬರ ಮೇಲೊಬ್ಬರು ಒರಗಿ ಗೊರಕೆ ಹೊಡೆಯುತ್ತಿದ್ದಾರೆ. ಒಬ್ಬನ ಬಾಯಿ ತೆರೆದಿದೆ. ಎಂಟುನೂರು ವರ್ಷದ ನಿದ್ದೆ! ಕಾವಲಿಗೆಂದೇ ನೇಮಿಸಿದವರು ಸ್ವಾಮೀ. ಯಾರೂ ಬಂದು ಬಾಗಿಲು ಬಡಿಯಲಿಲ್ಲ, ಯಾರೂ "ಅಮ್ಮಾ, ಒಂದೇ ನಿಮಿಷ, ಫೋಟೊ ತೆಗೆದು ಹೋಗ್ತೀವಿ" ಎನ್ನಲಿಲ್ಲ. ದೇವರು ಕ್ಷಮಿಸಲಿ, ಆ ಕಲ್ಲನ್ನು ನೋಡಿದಾಗಲೆಲ್ಲ ನನಗೆ ಭಕ್ತಿ ಬರುವುದಿಲ್ಲ, ಹೊಟ್ಟೆಕಿಚ್ಚು ಬರುತ್ತದೆ.

ವಾಸ್ತುಶಿಲ್ಪದ ಇನ್ನೊಂದು ಮಾತು ಹೇಳಿ ಆ ಭಾಗ ಮುಗಿಸುತ್ತೇನೆ. ಉತ್ತರದ ಗೋಡೆ ಹೊರಗೆ ವಾಲಿತ್ತಲ್ಲ, ದುರಸ್ತಿಗೆ ಬಂದಾಗ ಲೆಯ್ರೆ ಅದನ್ನು ನನಗೆ ತೋರಿಸಿದಳು. "ಅಕ್ಕಾ, ಕಲ್ಲಿನ ಚಾವಣಿಯ ಭಾರ ಬರೀ ಕೆಳಗಿಳಿಯಲ್ಲ, ಪಕ್ಕಕ್ಕೂ ತಳ್ಳತ್ತೆ. ಅದಕ್ಕೇ ಗೋಡೆ ಹೀಗಾಗಿರೋದು" ಎಂದಳು. "ಹಾಗಿದ್ರೆ ಇಷ್ಟು ಕಾಲ ಹೇಗಮ್ಮ ನಿಂತಿತ್ತು?" ಎಂದು ಕೇಳಿದೆ. "ಒಂದು ಕಲ್ಲು ಪಕ್ಕದ ಕಲ್ಲಿಗೆ ಭಾರ ದಾಟಿಸತ್ತೆ, ಅದು ಅದರ ಪಕ್ಕದ್ದಕ್ಕೆ. ಎಲ್ಲಾನೂ ಒಂದೇ ಕಲ್ಲಿನ ಮೇಲೆ ಬಿದ್ದಿದ್ರೆ ಎಂದೋ ಪುಡಿಪುಡಿ ಆಗ್ತಿತ್ತು." ಅವಳು ಕಲ್ಲಿನ ವಿಷಯ ಹೇಳಿ ಏಣಿ ಹತ್ತಿ ಹೋದಳು. ನಾನು ಮನೆಗೆ ಹೋಗಿ ಚಪ್ಪಲಿಯನ್ನೂ ಬಿಚ್ಚದೆ ಬಹಳ ಹೊತ್ತು ಕುಳಿತಿದ್ದೆ.

ಈಗ ಇತಿಹಾಸ. ಈ ಊರಿನ ಇಗರ್ಜಿಗೆ ಬೇರೆ ಇತಿಹಾಸವೇನಿದೆ ಹೇಳಿ? ಇಲ್ಲಿಗೆ ರಾಜ ಬರಲಿಲ್ಲ, ಇಲ್ಲಿ ಯುದ್ಧ ನಡೆಯಲಿಲ್ಲ. ನಮ್ಮ ಇಗರ್ಜಿಯ ಇತಿಹಾಸವೆಂದರೆ ಈ ಬೀಗದಕೈ. ಎತ್ತಿ ತೋರಿಸುತ್ತೇನೆ, ಹಿಂದಿನವರಿಗೂ ಕಾಣಲಿ. ನನ್ನ ಮೊಣಕೈಯಿಂದ ಮಣಿಕಟ್ಟಿನವರೆಗೆ ಉದ್ದ. ಕಬ್ಬಿಣ. ಚಳಿಗಾಲದಲ್ಲಿ ಬರಿಗೈಯಲ್ಲಿ ಹಿಡಿದರೆ ಚರ್ಮ ಅಂಟಿಕೊಳ್ಳುತ್ತದೆ.

ಇದು ಯಾರೊಬ್ಬರದ್ದೂ ಅಲ್ಲ. ನಿಮ್ಮ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ, ಅದಕ್ಕೆ ಹೇಳುತ್ತೇನೆ. ಮನೆಯಿಂದ ಮನೆಗೆ ಸರದಿಯ ಮೇಲೆ ಹೋಗುತ್ತಿತ್ತು, ಒಂದು ಮನೆಯಲ್ಲಿ ಒಂದು ವರ್ಷ. ನವೆಂಬರ್ ಹನ್ನೊಂದು, ಸಂತ ಮಾರ್ತೀನನ ಹಬ್ಬದ ದಿನ, ಅಂದರೆ ಇವತ್ತು, ಪೂಜೆ ಮುಗಿದ ಮೇಲೆ ಬೀಗದಕೈ ಇದ್ದವರು ತಮ್ಮ ಮನೆಯ ಮುಂದೆ ನಿಂತು ಬಲಗೈ ಕಡೆ ನೋಡಬೇಕು. ಆ ಕಡೆ ಹೊಗೆಯಾಡುವ ಮೊದಲ ಚಿಮಣಿ ಯಾವುದೋ, ಆ ಮನೆಗೆ ಬೀಗದಕೈ. ಮನೆಯವರು ಬಡವರೋ, ಸಿರಿವಂತರೋ, ಜಗಳಗಂಟರೋ, ಅದನ್ನೆಲ್ಲ ನೋಡುವಂತಿಲ್ಲ. ಹೊಗೆ ಇದ್ದರೆ ಸರಿ. "ಸಂತ ಮಾರ್ತೀನನ ಬೀಗದಕೈ, ಬೆಂಕಿ ಇರೋ ಮನೆಗೆ" ಎಂದು ಹೇಳಿ ಕೊಡಬೇಕು. ಅವರು ತೆಗೆದುಕೊಂಡು ಒಂದು ಲೋಟ ಹೊಸ ದ್ರಾಕ್ಷಾರಸ ಕೊಡಬೇಕು. ಒಲ್ಲೆ ಎನ್ನುವ ಹಾಗಿಲ್ಲ.

ತೆಗೆದುಕೊಂಡವರ ಕೆಲಸವೇನು? ಗುಡಿಸುವುದು, ದೀಪಕ್ಕೆ ಎಣ್ಣೆ, ಬಿರುಗಾಳಿ ಬಂದ ಮೇಲೆ ಹೆಂಚು ಸರಿಮಾಡುವುದು. ಗೋಧಿ ತೆನೆ ಕಟ್ಟಿದಾಗ ಆಲಿಕಲ್ಲಿನ ಮೋಡ ಬಂದರೆ ಓಡಿ ಹೋಗಿ, ಮೋಡ ಒಡೆಯಲೆಂದು ಗಂಟೆ ಬಾರಿಸುವುದು. ಯಾರಾದರೂ ಸತ್ತರೆ ಯಾವ ಹೊತ್ತಾದರೂ ಎದ್ದು ಗಂಟೆ ಬಾರಿಸುವುದು. ಅದಕ್ಕೇ ಒಂದು ಕಟ್ಟಳೆ ಇತ್ತು. ಬೀಗದಕೈ ಇದ್ದವರು ಆ ವರ್ಷ ಒಂದು ರಾತ್ರಿಯೂ ಊರಾಚೆ ಮಲಗುವಂತಿಲ್ಲ.

ನನಗೆ ಇಪ್ಪತ್ತೆರಡು ವರ್ಷವಾದಾಗ ಸರದಿ ನಮ್ಮ ಮನೆಗೆ ಬಂತು. ಅಪ್ಪ ತೀರಿಕೊಂಡಿದ್ದರು. ಅಮ್ಮನಿಗೆ ಗಂಟೆಯ ಹಗ್ಗ ಎಳೆಯುವ ತ್ರಾಣವಿರಲಿಲ್ಲ. ತಂಗಿ ಅಸುನ್ಸಿಯೋನ್ ಇನ್ನೂ ಲಂಗದ ಹುಡುಗಿ. ಹಾಗಾಗಿ ನಾನೇ ತೆಗೆದುಕೊಂಡೆ. ನನಗೇನೂ ಬೇಸರವಿರಲಿಲ್ಲ. ಒಂದು ವರ್ಷ ತಾನೇ? ನಮ್ಮ ಬಲಗೈ ಕಡೆಯ ಮನೆ ಯಾರದೆಂದು ನಿಮಗೆಲ್ಲ ಗೊತ್ತು. ಅಧ್ಯಕ್ಷರದ್ದು. ಆಗ ಅವರು ಅಧ್ಯಕ್ಷರಾಗಿರಲಿಲ್ಲ, ಎಲಾದಿಯೊ ಆಗಿದ್ದರು. ನನ್ನ ಬಟ್ಟೆಯ ಪೆಟ್ಟಿಗೆಯಲ್ಲಿ ಅವರ ತಾಯಿ ಕೊಟ್ಟ ಆರು ಹಾಸುಹೊದಿಕೆಗಳಿದ್ದವು. ಯಾಕೆ ಕೊಟ್ಟಿದ್ದರು ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಇದು ವಾಸ್ತುಶಿಲ್ಪಕ್ಕೆ ಸಂಬಂಧಪಟ್ಟದ್ದಲ್ಲ, ಬಿಡಿ.

ಬಿಡುವುದೂ ಬೇಡ, ಬಾಯಿಗೆ ಬಂದಿದೆ. ಆ ವಸಂತದಲ್ಲಿ ಎಲಾದಿಯೊ ಉಕ್ಕಿನ ಕಾರ್ಖಾನೆಗೆ ಸೇರಲು ಬಿಲ್ಬಾವೊಗೆ ಹೊರಟ. "ಬಾ ಎಮೆ, ಜೊತೆಗೇ ಹೋಗೋಣ" ಎಂದ. "ಬೀಗದಕೈ ಇದೆಯಲ್ಲೋ" ಎಂದೆ. "ಹೌದಲ್ಲ" ಎಂದು ತಲೆ ಕೆರೆದುಕೊಂಡ. "ಸರಿ, ಮಾರ್ತೀನನ ಹಬ್ಬಕ್ಕೆ ನಮ್ಮಪ್ಪನ ಕೈಗೆ ಕೊಟ್ಟು ಬಸ್ ಹತ್ತು. ನಾನು ಅಲ್ಲಿ ನಿಲ್ದಾಣದಲ್ಲಿ ನಿಂತಿರ್ತೀನಿ. ಭಾನುವಾರ ಸಮುದ್ರ ತೋರಿಸ್ತೀನಿ." ನಾನು ಬೇಸಿಗೆಯೆಲ್ಲ ಮೋಡ ನೋಡುತ್ತ ಗಂಟೆ ಬಾರಿಸಿದೆ. ಆ ವರ್ಷ ಒಂದು ಆಲಿಕಲ್ಲೂ ಬೀಳಲಿಲ್ಲ, ಬೇಕಾದರೆ ಹಿರಿಯರನ್ನು ಕೇಳಿ.

ಅಕ್ಟೋಬರಿನಲ್ಲಿ ಒಂದು ಲಾರಿ ಬಂತು. ಎಲಾದಿಯೊ ಅಪ್ಪ-ಅಮ್ಮನನ್ನು ಕರೆದೊಯ್ಯಲು ಬಂದಿದ್ದ. ಮಂಚ, ಬೀರು, ಕೋಳಿಗಳು, ಎಲ್ಲ ಲಾರಿ ಹತ್ತಿದವು. ಅವನ ತಾಯಿ ನನ್ನನ್ನು ಕರೆದು, "ಚಳಿಗಾಲ ಮಗನ ಹತ್ರ ಕಳೀತೀವಿ ಕಣೇ. ಒಲೆ ಆರಿಸಿದೀನಿ. ಬೆಕ್ಕಿಗೆ ಒಂಚೂರು ಹಾಲು ಹಾಕ್ತಿರು" ಎಂದಳು. ನಾನು ಎಲಾದಿಯೊನ ಹತ್ತಿರ ಹೋದೆ. ಅವನು ಹಗ್ಗ ಬಿಗಿಯುತ್ತಿದ್ದ. ಬಿಗಿದ ಗಂಟನ್ನೇ ಮತ್ತೆ ಮತ್ತೆ ಬಿಗಿಯುತ್ತಿದ್ದ. "ಹಬ್ಬಕ್ಕೆ ಇನ್ನು ಮೂರು ವಾರ ಇದೆ, ಅಷ್ಟು ದಿನ ಇರಬಾರ್ದಿತ್ತಾ?" ಎಂದೆ. "ಏನು ಮಾಡ್ಲಿ ಎಮೆ? ಬೀಗದಕೈ ಮನೆಗೆ ಬಂದ್ರೆ ಒಂದು ವರ್ಷ ಕದಲೋ ಹಾಗಿಲ್ಲ ಅಂತಾರೆ ಅಪ್ಪ. ಮುಂದಿನ ಮನೆ ನಿಕನೋರಜ್ಜಿದು ಇದೆಯಲ್ಲ, ಅವಳಿಗೆ ಕೊಟ್ಟು ಬಾ." ನಿಕನೋರಜ್ಜಿಗೆ ಎರಡೂ ಕಣ್ಣು ಕಾಣುತ್ತಿರಲಿಲ್ಲ. ಅದು ಅವನಿಗೆ ಗೊತ್ತಿತ್ತು, ಲಾರಿ ಚಾಲಕನಿಗೂ ಗೊತ್ತಿತ್ತು.

ಹಬ್ಬದ ದಿನ ತಣ್ಣಗಿದ್ದ ಆ ಚಿಮಣಿಯ ಮುಂದೆ ಹಾದು ನಿಕನೋರಜ್ಜಿಯ ಬಾಗಿಲಿಗೆ ಹೋದೆ. ಅವಳ ಚಿಮಣಿಯಲ್ಲಿ ಹೊಗೆ ಇತ್ತು. ಅವಳು ಒಲ್ಲೆ ಎಂದಿದ್ದರೆ ಯಾರು ತಾನೇ ಬಯ್ಯುತ್ತಿದ್ದರು? ಅವಳು ಕೈ ಚಾಚಿದಳು. "ಕೊಡು ಮಗಳೇ ಕೊಡು, ನನ್ನ ಸರದಿ ನಾನ್ಯಾಕೆ ಬಿಡ್ಲಿ? ಇಗರ್ಜಿ ಬಾಗಿಲು ಎಲ್ಲಿದೆ ಅಂತ ಮಾತ್ರ ನೀನು ತೋರ್ಸು" ಎಂದಳು. ನಗು ಬರುತ್ತದಲ್ಲವೇ? ನಾನೂ ನಕ್ಕೆ, ನಕ್ಕು ಅವಳ ಕೈ ಹಿಡಿದುಕೊಂಡು ನಡೆದೆ. ಆ ವರ್ಷ ಬೀಗದಕೈ ತೂಗಿದ್ದು ಅವಳ ಮನೆಯಲ್ಲಿ, ಓಡಾಡಿದ ಕಾಲುಗಳು ನನ್ನವು. ಇನ್ನೊಂದೇ ವರ್ಷ ಎಂದುಕೊಂಡೆ. ಮುಂದಿನ ಹಬ್ಬದ ಹೊತ್ತಿಗೆ ಎಲಾದಿಯೊ ಬೇಕರಿಯವರ ಮಗಳನ್ನು ಮದುವೆಯಾದ ಸುದ್ದಿ ಬಂತು. ಒಳ್ಳೆಯ ಹೆಂಗಸು, ದೇವರು ಅವಳ ಆತ್ಮಕ್ಕೆ ಶಾಂತಿ ಕೊಡಲಿ. ಆಮೇಲೆ ನನಗೆ ಬಸ್ಸು ಹತ್ತುವ ಅವಸರವೇ ಉಳಿಯಲಿಲ್ಲ. ಆ ಬೆಕ್ಕು ಮಾತ್ರ ಬಹಳ ವರ್ಷ ಬದುಕಿತ್ತು.

ಆಮೇಲಿನದು ನಿಮಗೇ ಗೊತ್ತು, ನೀವೇ ಮಾಡಿದ್ದು. ಒಂದೊಂದೇ ಒಲೆ ಆರಿತು. ನಾನು ಬಯ್ಯುತ್ತಿಲ್ಲ. ಇಲ್ಲಿ ಏನಿತ್ತು ನಿಮ್ಮನ್ನು ಹಿಡಿದಿಡಲು? ಆದರೆ ಮನೆಗಳು ಕಡಿಮೆಯಾದಷ್ಟೂ ಬೀಗದಕೈ ಬೇಗ ಬೇಗ ಸುತ್ತು ಹಾಕಿ ಬರತೊಡಗಿತು. ಕೊನೆಗೆ ಉಳಿದದ್ದು ನಾನು ಮತ್ತು ಮೇಲಿನ ಮನೆಯ ಇಲಾರಿಯೊ. ಒಂದು ವರ್ಷ ಅವನು, ಒಂದು ವರ್ಷ ನಾನು. "ಏನಮ್ಮಾ, ಮತ್ತೆ ತಂದ್ಯಾ ಶನೀನ?" ಎನ್ನುತ್ತಿದ್ದ. ಆದರೂ ತೆಗೆದುಕೊಳ್ಳುತ್ತಿದ್ದ, ದ್ರಾಕ್ಷಾರಸವನ್ನೂ ಕೊಡುತ್ತಿದ್ದ.

ಇಲಾರಿಯೊ ಸತ್ತ ವರ್ಷ ಹಬ್ಬದ ದಿನ ನಾನು ಪದ್ಧತಿಯಂತೆ ಬೀಗದಕೈ ಹಿಡಿದು ಬಲಕ್ಕೆ ಹೊರಟೆ. ಇಡೀ ಊರು ಸುತ್ತಿದೆ. ಎಲ್ಲ ಚಿಮಣಿಯೂ ತಣ್ಣಗೆ. ಹೊಗೆ ಕಂಡ ಮೊದಲ ಮನೆ ನನ್ನದೇ. ಏನು ಮಾಡುವುದು? ನನ್ನ ಬಾಗಿಲನ್ನು ನಾನೇ ತಟ್ಟಿದೆ. "ಸಂತ ಮಾರ್ತೀನನ ಬೀಗದಕೈ, ಬೆಂಕಿ ಇರೋ ಮನೆಗೆ" ಎಂದು ನಾನೇ ಹೇಳಿ, ನಾನೇ ಒಳಗೆ ಹೋಗಿ, ನನಗೆ ನಾನೇ ದ್ರಾಕ್ಷಾರಸ ಸುರಿದುಕೊಂಡೆ. ನಗಿ, ಪರವಾಗಿಲ್ಲ, ನಾನೂ ನಕ್ಕಿದ್ದೆ. ಆಮೇಲೆ ಒಲೆಯ ಮುಂದೆ ಕುಳಿತು ಅತ್ತೆ. ಅಲ್ಲಿಂದೀಚೆಗೆ ಪ್ರತಿ ವರ್ಷವೂ ಹಾಗೇ ಮಾಡಿದ್ದೇನೆ.

ಈಗ ಪ್ರವಾಸಿಗರು ಬರುತ್ತಾರೆ. ಒಳ್ಳೆಯ ಜನ. ಆದರೆ ಅವರಿಗೆ ಕಲ್ಲು ನೋಡುವ ಆಸೆ ಹುಟ್ಟುವುದು ನನ್ನ ಬೇಳೆ ಕುದಿಯುವ ಹೊತ್ತಿಗೆ ಸರಿಯಾಗಿ. ಊಟ ಮಾಡಿ ಸ್ವಲ್ಪ ಅಡ್ಡಾದರೆ ಮತ್ತೆ ಬಾಗಿಲು ಬಡಿತ. ಪ್ರವಾಸಿಗರನ್ನು ಯಾಕೆ ದೂರಲಿ, ನಿಮ್ಮೆಲ್ಲರ ಮನೆಗಳ ಬೀಗದಕೈಗಳೂ ನನ್ನ ಬಾಗಿಲ ಹಿಂದಿನ ಮೊಳೆಗಳಲ್ಲೇ ತೂಗುತ್ತಿವೆಯಲ್ಲ. "ಅಕ್ಕಾ, ನಲ್ಲಿ ಹೆಪ್ಪುಗಟ್ಟಿದೆಯಾ ನೋಡಿ." "ಅತ್ತೇ, ಕಿಟಕಿ ತೆಗೆದು ಸ್ವಲ್ಪ ಗಾಳಿ ಆಡ್ಸಿ, ಮುಗ್ಗಲು ವಾಸನೆ ಬರತ್ತೆ." "ಎಮೆತೇರಿಯಾ, ಹೇಗಿದ್ರೂ ಅಲ್ಲೇ ಇರ್ತೀಯಲ್ಲ." ಹೇಗಿದ್ದರೂ ಅಲ್ಲೇ ಇರುತ್ತೇನೆ. ತಂಗಿ ಅಸುನ್ಸಿಯೋನ್ ಮದುವೆಯಾಗಿ ಸಾಂತುರ್ತ್ಸಿಗೆ ಹೋದಳು, ಬಿಲ್ಬಾವೊ ದಾಟಿದರೆ ಅವಳ ಮನೆ. ಅಡುಗೆಮನೆಯ ಕಿಟಕಿಯಿಂದ ಸಮುದ್ರ ಕಾಣುತ್ತದಂತೆ. ಅವಳ ಮೊಮ್ಮಗಳ ಮದುವೆಗೂ ನಾನು ಹೋಗಲಿಲ್ಲ. ಸಮುದ್ರವನ್ನು ನಾನು ನೋಡಿರುವುದು ಕ್ಯಾಲೆಂಡರಿನಲ್ಲಿ.

ಮಾನ್ಯ ಅಧ್ಯಕ್ಷರು ಪ್ರತಿ ಆಗಸ್ಟಿನಲ್ಲಿ ಬರುತ್ತಾರೆ. ನಿವೃತ್ತರಾದ ಮೇಲೆ ಮನೆಯನ್ನು ಚೆನ್ನಾಗಿ ದುರಸ್ತಿ ಮಾಡಿಸಿದ್ದಾರೆ. ಚಿಮಣಿಗೆ ಕಲ್ಲಿನ ಟೋಪಿ ಹಾಕಿಸಿದ್ದಾರೆ, ಊರಿನಲ್ಲೇ ಅಷ್ಟು ಅಂದದ ಚಿಮಣಿ ಇನ್ನೊಂದಿಲ್ಲ. ಆದರೆ ಆಗಸ್ಟಿನಲ್ಲಿ ಒಲೆ ಹಚ್ಚುವವರು ಯಾರು? ಈ ಸಲ ಬಂದಾಗ ನಾನು ಈ ಮೊಗಸಾಲೆಯಲ್ಲೇ ಕಾಗೆಯ ಹಿಕ್ಕೆ ಕೆರೆಯುತ್ತಿದ್ದೆ. ಅವರು ಕಂಬಕ್ಕೆ ಒರಗಿ ನಿಂತು ನಿಟ್ಟುಸಿರು ಬಿಟ್ಟರು. "ಎಮೆ, ಎಂಥ ಪುಣ್ಯವಂತೆ ನೀನು! ಈ ಗಾಳಿ, ಈ ಕಲ್ಲು, ಈ ಮೌನ. ಬಿಲ್ಬಾವೊದ ಆ ಫ್ಲಾಟಿನಲ್ಲಿ ನನಗ್ಯಾರಿದಾರೆ ಹೇಳು. ಇಲ್ಲಿ ಉಳಿಯೋಕೆ ಒಂದು ಕಾರಣ ಸಿಕ್ಕಿದ್ರೆ ನಾಳೇನೇ ಬಂದು ಇದ್ದುಬಿಡ್ತೀನಿ." ನಾನು ಕೆರೆಯುತ್ತಲೇ ಇದ್ದೆ. ಹಿಕ್ಕೆ ಕೆರೆಯುವಾಗ ಬಾಯಿ ತೆರೆಯಬಾರದು.

ಇವತ್ತು ತಮ್ಮ ಭಾಷಣದಲ್ಲಿ ಅವರು ಏನೆಂದರು? "ನಮ್ಮ ಹಿರಿಯರ ಪದ್ಧತಿಗಳು ಸಾಯಬಾರದು. ಒಂದು ಅಕ್ಷರವೂ ಬದಲಾಗದಂತೆ ಪಾಲಿಸಬೇಕು" ಎಂದರು. ನೀವು ಚಪ್ಪಾಳೆ ತಟ್ಟಿದಿರಿ, ನಾನೂ ತಟ್ಟಿದೆ. ಬಹಳ ಒಳ್ಳೆಯ ಮಾತು. ಆದರೆ ಸ್ವಾಮೀ, ಆ ಪದ್ಧತಿಯಲ್ಲಿ ಆಜೀವ ಎಂಬುದೇ ಇಲ್ಲವಲ್ಲ. ಒಂದು ವರ್ಷ. ಆಮೇಲೆ ಬಲಗೈ ಕಡೆ ಹೊಗೆಯಾಡುವ ಮೊದಲ ಮನೆ.

ಸಭಿಕರೇ, ಒಂದು ಉಪಕಾರ ಮಾಡಿ. ಎದ್ದು ಹೊರಗೆ ಹೋಗುವುದು ಬೇಡ, ಕುಳಿತಲ್ಲಿಂದಲೇ ಮೂರನೆಯ ಕಮಾನಿನ ಆಚೆ ನೋಡಿ. ಆ ಕೆಂಪು ಬಾಗಿಲಿನದು ನನ್ನ ಮನೆ. ಅದರ ಬಲಕ್ಕೆ ಕಲ್ಲಿನ ಟೋಪಿಯ ಚಿಮಣಿ. ಕಾಣಿಸುತ್ತಿದೆಯೇ? ಹೌದು, ಹೊಗೆಯೇ. ಬೆದರಬೇಡಿ ಅಧ್ಯಕ್ಷರೇ, ಮನೆಗೆ ಬೆಂಕಿ ಬಿದ್ದಿಲ್ಲ, ಕುಳಿತುಕೊಳ್ಳಿ. ನಾನೇ ಬೆಳಿಗ್ಗೆ ನಿಮ್ಮ ಬಾಗಿಲು ತೆಗೆದು ಒಲೆ ಹಚ್ಚಿ ಬಂದೆ. ದುರಸ್ತಿಯಾದ ಮೇಲೆ ಎಂದೂ ಬೆಂಕಿ ಕಾಣದ ಒಲೆ, ತುಂಬ ಸತಾಯಿಸಿತು. ಒಮ್ಮೆ ಹಿಡಿದ ಮೇಲೆ ಚೆನ್ನಾಗಿ ಉರಿಯಿತು. ಗಾರೆಯವನು ಒಳ್ಳೆಯ ಕೆಲಸ ಮಾಡಿದ್ದಾನೆ.

ಒಲೆ ಯಾರು ಹಚ್ಚಬೇಕು ಎಂದು ಹಿರಿಯರು ಹೇಳಿಲ್ಲ. ಹಬ್ಬದ ದಿನ ಮನೆಯವರು ಊರಲ್ಲಿರಬೇಕು, ಚಿಮಣಿಯಲ್ಲಿ ಹೊಗೆ ಇರಬೇಕು. ನೀವು ಇಲ್ಲಿದ್ದೀರಿ, ಹೊಗೆ ಅಲ್ಲಿದೆ. ಒಲ್ಲೆ ಎನ್ನುವ ಹಾಗಿಲ್ಲ.

ಇದು ಸೇಡು ಎಂದು ತಿಳಿಯಬೇಡಿ ಎಲಾದಿಯೊ. ಸೇಡು ತೀರಿಸುವುದಕ್ಕೂ ಶಕ್ತಿ ಬೇಕು, ಅದು ನನ್ನಲ್ಲಿಲ್ಲ. ನಾನು ದಣಿದಿದ್ದೇನೆ, ಅಷ್ಟೇ. ಸಿಟ್ಟು ಬಹಳ ವರ್ಷ ಇತ್ತು, ಯಾವಾಗ ಹೋಯಿತೋ ನನಗೇ ತಿಳಿಯಲಿಲ್ಲ. ಉಳಿಯಲು ಕಾರಣ ಬೇಕು ಎಂದಿರಲ್ಲ, ಇಗೋ, ನಿಮ್ಮ ಮುಂದೆ ಮೇಜಿನ ಮೇಲಿಟ್ಟಿದ್ದೇನೆ. ಸಂತ ಮಾರ್ತೀನನ ಬೀಗದಕೈ, ಬೆಂಕಿ ಇರೋ ಮನೆಗೆ. ಹಿಡಿದುಕೊಳ್ಳಿ, ತಣ್ಣಗಿದೆ ನಿಜ, ಹಿಡಿದಂತೆ ಬೆಚ್ಚಗಾಗುತ್ತದೆ. ನಿಮ್ಮಪ್ಪನ ಕೈಗೆ ಕೊಡಬೇಕಾಗಿದ್ದದ್ದು, ಸ್ವಲ್ಪ ತಡವಾಯಿತು.

ನಿಮ್ಮ ಒಲೆಯ ಮೇಲೆ ಬೇಳೆ ಇಟ್ಟಿದ್ದೇನೆ, ಸಾಸೇಜೂ ಹಾಕಿದ್ದೇನೆ. ಭಾಷಣಗಳು ಇನ್ನೂ ಉದ್ದವಾದರೆ ತಳ ಹಿಡಿಯುತ್ತದೆ, ಬೇಗ ಹೋಗಿ ಕದಡಿ. ಅಲ್ಲೇ ಹಲಗೆಯ ಮೇಲೆ ನನ್ನ ಕನ್ನಡಕವಿದೆ, ಯಾರಾದರೂ ಹುಡುಗರ ಕೈಲಿ ಕಳಿಸಿಕೊಡಿ, ಬಸ್ಸು ಹೊರಡುವ ಮೊದಲು ಸಿಗಬೇಕು.

ಹೌದು, ಬಸ್ಸು. ಮರೆತಿದ್ದೆ. ಬೆಳಿಗ್ಗೆ ಚಾಲಕ ನಮ್ಮ ಮನೆಯಲ್ಲಿ ಕಾಫಿ ಕುಡಿದ. ಬಸ್ಸಿನಲ್ಲಿ ಒಂದೂ ಸೀಟು ಖಾಲಿಯಿಲ್ಲವಂತೆ. ಸಂಜೆಗೆ ಒಂದು ಖಾಲಿಯಾಗುತ್ತದಪ್ಪಾ ಎಂದು ಹೇಳಿ, ಅಧ್ಯಕ್ಷರ ಸೀಟಿನ ಕೆಳಗೆ ನನ್ನ ಚೀಲ ಇಟ್ಟು ಬಂದಿದ್ದೇನೆ. ಅಸುನ್ಸಿಯೋನ್ ನಿಲ್ದಾಣದಲ್ಲಿ ನಿಂತಿರುತ್ತಾಳೆ. ಮುಂದಿನ ಮಾರ್ತೀನನ ಹಬ್ಬಕ್ಕೆ ಬರುತ್ತೇನೆ. ಅಷ್ಟರಲ್ಲಿ ನಿಮ್ಮಲ್ಲಿ ಇನ್ನೊಬ್ಬರು ಯಾರಾದರೂ ಒಲೆ ಹಚ್ಚಿದ್ದರೆ ಅಧ್ಯಕ್ಷರ ಪುಣ್ಯ. ಯಾರೂ ಹಚ್ಚದಿದ್ದರೆ ಸರದಿ ನನ್ನದೇ, ಬಂದು ತೆಗೆದುಕೊಳ್ಳುತ್ತೇನೆ, ಒಲ್ಲೆ ಎನ್ನುವುದಿಲ್ಲ. ನಿಮ್ಮ ಮನೆಗಳ ಬೀಗದಕೈಗಳು ಬಾಗಿಲ ಹಿಂದೆಯೇ ಇವೆ, ಹೋಗುವಾಗ ನಿಮ್ಮ ನಿಮ್ಮದನ್ನು ತೆಗೆದುಕೊಳ್ಳಿ.

ಈ ಫಲಕವನ್ನು ಇಲ್ಲೇ ಆ ಮಲಗಿರುವ ಸೈನಿಕರ ಕೆಳಗೆ ಒರಗಿಸಿಡಿ. ಆಜೀವ ಕಾವಲು ಅವರಿಗೇ ಒಪ್ಪುತ್ತದೆ. ಗೋಡೆ ನಿಲ್ಲಿಸಿದ ಲೆಯ್ರೆಗೆ, ಇಷ್ಟು ಹೊತ್ತು ತಡೆದುಕೊಂಡ ಪಾದ್ರಿಗಳಿಗೆ, ಚಳಿಯಲ್ಲಿ ಕುಳಿತು ಕೇಳಿದ ನಿಮಗೆ, ಬೀಗದಕೈ ಹಿಡಿದುಕೊಂಡಿರುವ ಎಲಾದಿಯೊಗೆ ನನ್ನ ವಂದನೆಗಳು. ಪದ್ಧತಿಯ ಪ್ರಕಾರ ನನಗೊಂದು ಲೋಟ ದ್ರಾಕ್ಷಾರಸ ಬರಬೇಕು, ಬಸ್ಸಿನ ಹತ್ತಿರ ತಂದುಕೊಟ್ಟರೆ ಸಾಕು. ನಮಸ್ಕಾರ.